ಆ ಕೆಂಪು ಯಾರದು

ಕೆನಡಾದ ರಿಚ್ಮಂಡ್ ಹಿಲ್‌ನಲ್ಲಿ ನಾನು ಕೆಲಸ ಮಾಡುವ ಕಣ್ಣಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಕೋಣೆಗೆ ಹೋಗುವ ಮೊದಲು ಎಲ್ಲರೂ ನನ್ನ ಮುಂದೆ ಕೂರಬೇಕು. ಗಲ್ಲ ಇಲ್ಲಿಡಿ, ಹಣೆ ಅಲ್ಲಿ ಒತ್ತಿ, ಒಳಗೆ ಕಾಣುವ ಚಿತ್ರವನ್ನೇ ನೋಡುತ್ತಿರಿ. ಬೆಳಗಿನಿಂದ ಸಂಜೆಯವರೆಗೆ ಇದೇ ಮಾತು. ಈ ಕೆಲಸದಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ "ಚೆನ್ನಾಗಿ ಕಾಣುತ್ತಿದೆ" ಎಂದರೆ ನಾನು ಕೂಡಲೇ ನಂಬುವುದಿಲ್ಲ. ಕಾಣದಿದ್ದರೂ ಕಾಣುತ್ತದೆ ಎನ್ನುವವರನ್ನು, ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುವವರನ್ನು ಅಷ್ಟು ನೋಡಿದ್ದೇನೆ.

ಆ ಮುದುಕರು ಬಂದದ್ದು ಒಂದು ಸೆಪ್ಟೆಂಬರ್ ಬೆಳಿಗ್ಗೆ. ಎಂಬತ್ತು ದಾಟಿದವರು. ಎತ್ತರದ ಆಳು, ಭುಜ ಬಾಗಿತ್ತು, ಬೆರಳುಗಳು ಗಾರೆ ಕೆಲಸದವರ ಹಾಗೆ ದಪ್ಪಗಿದ್ದವು. ಅವರ ಇಂಗ್ಲಿಷಿನಲ್ಲಿ ಫ್ರೆಂಚ್ ರಾಗವಿತ್ತು. ಫಾರಂನಲ್ಲಿ ವಿಳಾಸ ನೋಡಿ ಆಶ್ಚರ್ಯವಾಯಿತು. ಸ್ಟೌಫ್‌ವಿಲ್, ನಾವಿರುವ ಊರೇ, ಅದೂ ನಮ್ಮದೇ ಬೀದಿ. ಹೊಸ ಮನೆಗಳ ಸಾಲು ಮುಗಿದ ಮೇಲೆ ಒಂದು ಹಳೆಯ ಇಟ್ಟಿಗೆ ಮನೆ ಇದೆಯಲ್ಲ, ಅದು ಇವರದು. ನಾನು ಅವರನ್ನು ಒಮ್ಮೆಯೂ ನೋಡಿರಲಿಲ್ಲ. ಗ್ಯಾರೇಜಿನಿಂದ ಕಾರಿನಲ್ಲೇ ಹೊರಬಿದ್ದು ಕಾರಿನಲ್ಲೇ ಒಳಸೇರುವವರಿಗೆ ಬೀದಿಯವರ ಮುಖ ಪರಿಚಯವಾಗುವುದು ಕಷ್ಟ.

ಉಳಿದ ಪರೀಕ್ಷೆಗಳಿಗೆ ಸುಮ್ಮನೆ ಕೂತರು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಸ್ತಕವನ್ನು ನಾನು ತೆಗೆದ ಕೂಡಲೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ಆ ಪುಸ್ತಕ ಬೇಡ, ಮದಾಮ್."

"ಹೊಸಬರಿಗೆಲ್ಲ ಮಾಡುತ್ತೇವೆ, ಎರಡು ನಿಮಿಷ" ಎಂದೆ.

ಮೊದಲ ಹಾಳೆಯ ಅಂಕಿ ಎಲ್ಲರಿಗೂ ಕಾಣುತ್ತದೆ. ಅದನ್ನು ಓದಿದರು. ಎರಡನೆಯದಕ್ಕೆ ಬಾಯಿ ಬಿಡಲಿಲ್ಲ. ಮೂರನೆಯದಕ್ಕೂ ಇಲ್ಲ. ಪುಸ್ತಕ ಮುಗಿಯುವವರೆಗೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣು, ಅದೂ ಸ್ವಲ್ಪಸ್ವಲ್ಪವಲ್ಲ, ಪೂರ್ತಿ. ನಾನು ಬರೆದುಕೊಳ್ಳುತ್ತಿದ್ದಾಗ ಅವರು ಮೆಲ್ಲಗೆ ಕೇಳಿದರು: "ಇದನ್ನು ಯಾರ್ಯಾರು ಓದುತ್ತಾರೆ?"

"ಡಾಕ್ಟರು. ಬೇರೆ ಯಾರೂ ಇಲ್ಲ."

"ನೀವು ನಮ್ಮ ಬೀದಿಯವರು. ನಿಮ್ಮ ಕಾರು ನೋಡಿದ್ದೇನೆ."

"ಇಲ್ಲಿಯ ವಿಷಯ ನಾನು ಮನೆಗೆ ತೆಗೆದುಕೊಂಡು ಹೋಗುವುದಿಲ್ಲ" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಆ ವರ್ಷ ಅಮ್ಮ ನಮ್ಮ ಮನೆಯಲ್ಲಿದ್ದಳು. ಮೇ ತಿಂಗಳವರೆಗೆ ಇರುವುದೆಂದು ಮೈಸೂರಿನಿಂದ ಬಂದಿದ್ದಳು. ಪೇಟೆಯ ಒಂದು ಮ್ಯಾಚಿಂಗ್ ಸೆಂಟರ್‌ನಲ್ಲಿ ಇಪ್ಪತ್ತೆರಡು ವರ್ಷ ಕೌಂಟರ್ ಹಿಂದೆ ನಿಂತು ದುಡಿದವಳು. ಸೀರೆ ತಂದವರಿಗೆ ಅದಕ್ಕೊಪ್ಪುವ ಬ್ಲೌಸ್ ಪೀಸು, ಫಾಲ್ಸು, ಲಂಗದ ಬಟ್ಟೆ ಹುಡುಕಿ ಕೊಡುವುದು ಅವಳ ಕೆಲಸ. ಗೋಡೆಯುದ್ದಕ್ಕೂ ಜೋಡಿಸಿದ ನೂರಾರು ಥಾನುಗಳಲ್ಲಿ ಬೇಕಾದ ಒಂದಕ್ಕೆ ಕೈ ಹಾಕಿ ಎಳೆಯುತ್ತಿದ್ದಳು. ಸ್ಟೌಫ್‌ವಿಲ್‌ಗೆ ಬಂದ ಮೇಲೆ ಅವಳಿಗೆ ಮಾಡಲು ಏನೂ ಇರಲಿಲ್ಲ. ಬೆಳಿಗ್ಗೆ ನಾನೂ ನನ್ನ ಗಂಡನೂ ಹೊರಟರೆ ಸಂಜೆಯವರೆಗೆ ಒಬ್ಬಳೇ. ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು, ಕಾಲಿಗೆ ಸ್ನೀಕರ್ಸು ಹಾಕಿಕೊಂಡು ಬೀದಿಯಲ್ಲಿ ಎರಡು ಸುತ್ತು ವಾಕ್ ಹೋಗಿ ಬರುವುದು, ಅಷ್ಟೆ.

ಅಕ್ಟೋಬರಿನಲ್ಲಿ ನಮ್ಮೂರಿನ ಲೈಬ್ರರಿಯಲ್ಲಿ ಚಿತ್ರಗಳ ಪ್ರದರ್ಶನವಿದೆಯೆಂದು ತಿಳಿಯಿತು. ಯಾರಲ್ಲಿಯೂ ಕಲಿಯದೆ ತಾವೇ ಅಭ್ಯಾಸ ಮಾಡಿ ಚಿತ್ರಕಾರರಾದ ಸ್ಥಳೀಯ ಫ್ರೆಂಚ್ ಹಿರಿಯರೊಬ್ಬರ ಕೆಲಸವಂತೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲೇ ಅವರ ಫೋಟೋ ಕಂಡಿತು. ಅದೇ ಮುದುಕರು!

ಒಳಗೆ ಮೂವತ್ತರ ಮೇಲೆ ಚಿತ್ರಗಳಿದ್ದವು. ಬಹುಪಾಲು ಬಾರ್ನುಗಳು, ಅಂದರೆ ಇಲ್ಲಿನ ರೈತರು ಹುಲ್ಲು, ದನ ಇಡುತ್ತಿದ್ದ ಮರದ ದೊಡ್ಡ ಕೊಟ್ಟಿಗೆಗಳು. ನಮ್ಮಂಥವರ ಮನೆಗಳಿಗಾಗಿ ಕೆಡವಿದ ಬಾರ್ನುಗಳವು. ಒಂದೊಂದನ್ನೂ ಕೆಡವುವ ಮುಂಚೆ ಹೋಗಿ ಕೂತು ಬರೆದಿದ್ದರು. ಬಾರ್ನಿನ ಕೆಂಪು ಎಂಥ ಕೆಂಪೆನ್ನುತ್ತೀರಿ! ಬಿಸಿಲು ಬಿದ್ದ ಕಡೆ ಒಂದು, ಸೂರಿನ ನೆರಳಿನಲ್ಲಿ ಇನ್ನೊಂದು, ಹಳೆಯ ಹಲಗೆಯ ಮೇಲೆ ಮತ್ತೊಂದು. ಅದರ ಬುಡದಲ್ಲಿ ಹುಲ್ಲಿನ ಹಸಿರು, ಹಸಿರಿನೊಳಗೆ ಅಲ್ಲಲ್ಲಿ ಒಣಗಿದ ಕಂದು. ನನ್ನ ಮೈ ಜುಂ ಎಂದದ್ದು ಚಿತ್ರದ ಚೆಲುವಿಗಲ್ಲ. ಈ ಕಣ್ಣಿಗೆ ಈ ಕೆಂಪು ಸಾಧ್ಯವೇ ಇಲ್ಲ. ನಾನೇ ಕೈಯಾರೆ ಪರೀಕ್ಷೆ ಮಾಡಿದ್ದೇನೆ. ಇವನ್ನು ಬರೆದವರು ಬೇರೆ ಯಾರೋ ಇದ್ದಾರೆ.

ಚಿತ್ರಗಳ ಹೆಸರುಗಳೂ ವಿಚಿತ್ರವಾಗಿದ್ದವು. ಬಾರ್ನಿನ ಚಿತ್ರದ ಕೆಳಗೆ 'ಬೇಯಿಸಿದ ಸೀಗಡಿ' ಎಂದು ಬರೆದಿತ್ತು. ಹಿಮದ ಬಯಲಿಗೆ 'ಹಾಲಿನ ಪಾತ್ರೆಯ ತಳ'. ಜನ ತಲೆದೂಗುತ್ತಿದ್ದರು. ಏನೋ ಮುಚ್ಚಿಡಲು ಹೀಗೆ ಒಗಟು ಮಾಡಿದ್ದಾರೆ ಎಂದು ನನಗೆ ಅನಿಸಿತು.

ಅಮ್ಮ ಎಲ್ಲವನ್ನೂ ನಿಧಾನಕ್ಕೆ ನೋಡುತ್ತ ಬಂದವಳು ಕೊನೆಯ ಗೋಡೆಯ ಹತ್ತಿರ ನಿಂತುಬಿಟ್ಟಳು. ಅಲ್ಲಿದ್ದ ನಾಲ್ಕೈದು ಚಿತ್ರಗಳು ಇತ್ತೀಚಿನವು. ಅವುಗಳಲ್ಲಿ ನೀಲಿ, ಹಳದಿ, ಬೂದು ಬಿಟ್ಟರೆ ಹೆಚ್ಚೇನಿರಲಿಲ್ಲ. ಒಂದರಲ್ಲಿ ಮಾತ್ರ ಬಾರ್ನಿತ್ತು.

"ಏನೇ ಇದು, ಕೊಟ್ಟಿಗೆಗೂ ಹುಲ್ಲಿಗೂ ಒಂದೇ ಬಣ್ಣ ಬಳಿದಿದಾರೆ?" ಎಂದಳು.

"ಮಾಡರ್ನ್ ಆರ್ಟ್ ಅಮ್ಮ. ಬಾ, ಹೋಗೋಣ."

"ಎಂಥಾ ಮಾಡರ್ನು. ಆ ಕಡೆ ಗೋಡೇಲಿ ಅಷ್ಟು ನಾಜೂಕಾಗಿ ಮಾಡಿರೋರು ಇಲ್ಯಾಕೆ ಹಿಂಗೆ ಮಾಡ್ತಾರೆ?"

ನಾನು ತಡೆಯುವಷ್ಟರಲ್ಲಿ, ಕುರ್ಚಿಯಲ್ಲಿ ಕೂತಿದ್ದ ಆ ಮುದುಕರ ಹತ್ತಿರ ಹೋಗಿಯೇಬಿಟ್ಟಳು. ಚಿತ್ರದ ಕಡೆ ಕೈ ತೋರಿಸಿ, "ದಿಸ್ ಹೌಸ್, ದಿಸ್ ಗ್ರಾಸ್, ಸೇಮ್ ಕಲರ್. ವೈ?" ಎಂದಳು.

ಅವರು ಅಮ್ಮನನ್ನು ನೋಡಲಿಲ್ಲ, ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಆ ನೋಟದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಬಾಯಿಬಿಟ್ಟಿದ್ದೇನೆ ಎಂದುಕೊಂಡಿದ್ದರು. ಅಲ್ಲವೆಂದು ಹೇಳೋಣವೆಂದರೆ ಸುತ್ತ ಜನ. ಹೇಳಿದರೆ ಇನ್ನೂ ಬಯಲಾಗುತ್ತದೆ. ಅವರು ಕೋಲು ಹಿಡಿದುಕೊಂಡು ಎದ್ದು ಹೊರಗೆ ಹೊರಟುಹೋದರು.

ಕಾರಿನಲ್ಲಿ ಅಮ್ಮ ಕೇಳಿದಳು: "ನಾನೇನಾದ್ರೂ ತಪ್ಪು ಹೇಳಿದ್ನಾ?"

"ಹೋಗಿ ಹಂಗೆಲ್ಲ ಕೇಳಬಾರ್ದು, ಇಲ್ಲಿ ಜನ ಫೀಲ್ ಮಾಡ್ಕೋತಾರೆ" ಎಂದೆ. ಬೇರೆ ಏನು ಹೇಳಲೂ ನನಗೆ ಅಧಿಕಾರವಿರಲಿಲ್ಲ.

ಎರಡು ವಾರ ಕಳೆದಿರಬೇಕು. ಅಮ್ಮನ ವಾಕಿಂಗು ಉದ್ದವಾಗತೊಡಗಿತು. ಮಧ್ಯಾಹ್ನ ನಾನು ಲ್ಯಾಂಡ್‌ಲೈನಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಅವಳ ಜಾಕೆಟ್ಟಿನಿಂದ ಟರ್ಪೆಂಟೈನ್ ವಾಸನೆ ಬರುತ್ತಿತ್ತು. ಕೇಳಿದರೆ "ಯಾರೋ ಮನೆಗೆ ಪೇಂಟ್ ಮಾಡಿಸ್ತಿದಾರೆ, ಆ ಕಡೆಯಿಂದ ಬಂದೆ" ಎಂದಳು. ಅಡಿಗೆಮನೆಯಿಂದ ಸಾಮಾನು ಕಾಣೆಯಾಗುತ್ತಿತ್ತು, ಅದೂ ಚೂರುಚೂರು. ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ಉಂಡೆ ಹುಣಸೆಹಣ್ಣು, ಕುಂಕುಮದ ಭರಣಿ. ಒಂದು ದಿನ ಕರಿಬೇವಿನ ಗಿಡದ ಕುಂಡವೇ ಇರಲಿಲ್ಲ! ಮರುದಿನ ತನ್ನ ಜಾಗಕ್ಕೆ ವಾಪಸು ಬಂದಿತ್ತು.

ನನ್ನ ಗಂಡನಿಗೆ ಹೇಳಿದೆ.

"ಅತ್ತೆಗೆ ಯಾರೋ ಫ್ರೆಂಡ್ಸ್ ಸಿಕ್ಕಿರ್ಬೇಕು, ಬಿಡೇ. ಅಡಿಗೆ ಹೇಳಿಕೊಡ್ತಿರ್ತಾರೆ" ಎಂದ.

"ಹಾಗಿದ್ರೆ ನನ್ನ ಹತ್ರ ಯಾಕೆ ಸುಳ್ಳು ಹೇಳ್ತಾಳೆ?"

"ಕ್ಲಿನಿಕ್ ಥರ ಇಲ್ಲೂ ಟೆಸ್ಟ್ ಮಾಡ್ತೀಯಲ್ಲ, ಅದಕ್ಕೆ."

ಅವನ ಮಾತು ನಾಟಿತು, ಆದರೂ ನನ್ನ ಅನುಮಾನ ಹೋಗಲಿಲ್ಲ. ಒಂಟಿ ಹೆಂಗಸು, ಭಾಷೆ ಬಾರದು, ಊರು ಹೊಸದು. ಯಾರಾದರೂ ಏನಾದರೂ ಹೇಳಿ ನಂಬಿಸಿದರೆ? ಒಂದು ಗುರುವಾರ ಅರ್ಧ ದಿನ ರಜೆ ಹಾಕಿ, ಕಾರನ್ನು ಪಾರ್ಕಿನ ಬಳಿ ನಿಲ್ಲಿಸಿ ಕಾದೆ. ಒಂದೂವರೆಗೆ ಅಮ್ಮ ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ಹೊರಟಳು. ಅತ್ತಿತ್ತ ನೋಡದೆ ನೇರವಾಗಿ ಬೀದಿಯ ತುದಿಯ ಹಳೆಯ ಮನೆಗೆ ಹೋದಳು. ಹೆತ್ತ ತಾಯಿಯನ್ನು ಕಳ್ಳಿಯ ಹಾಗೆ ಹಿಂಬಾಲಿಸಿದ್ದನ್ನು ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಆ ದಿನ ಆಗಲಿಲ್ಲ.

ಎದುರುಗಡೆ ನಿಂತಿದ್ದ ವ್ಯಾನಿನ ಮರೆಯಿಂದ ನೋಡಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲಕ್ಕೆತ್ತಿತ್ತು. ಒಳಗೆ ಮುದುಕರು ಸ್ಟೂಲಿನ ಮೇಲೆ ಕೂತು ಗಾಜಿನ ಹಲಗೆಯ ಮೇಲೆ ಬಣ್ಣ ಕಲಸುತ್ತಿದ್ದರು. ಅಮ್ಮ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಡಬ್ಬಿಯಿಂದ ಒಂದು ಒಣಮೆಣಸಿನಕಾಯಿ ತೆಗೆದು ಬಣ್ಣದ ಪಕ್ಕ ಹಿಡಿದು, "ನೋ" ಎಂದಳು. ಅವರು ಇನ್ನೊಂದು ಟ್ಯೂಬಿನಿಂದ ಕಡ್ಡಿಯಷ್ಟು ಸೇರಿಸಿದರು. "ನೋ. ಲಿಟಲ್ ಮೋರ್." ಮತ್ತಷ್ಟು. ಅಮ್ಮ ತಲೆಯನ್ನು ಒಂದು ಕಡೆಗೆ ವಾಲಿಸಿದಳು. ಮೈಸೂರಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೂ ಹಾಗೇ ವಾಲಿಸುತ್ತಿದ್ದಳು. "ಹಾಂ. ಸ್ಟಾಪ್."

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಇಬ್ಬರೂ ತಿರುಗಿದರು.

ನಾನು ಹೊರಗೆ ಬಂದೆ, ಬರದೆ ದಾರಿಯಿರಲಿಲ್ಲ. ಅಮ್ಮನ ಮುಖ ಕೆಂಪಾಯಿತು.

"ನನ್ನ ಹಿಂದೆ ಬಂದಿದೀಯಾ?"

"ನೀನು ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?"

"ಅವರ ಗುಟ್ಟು ಅದು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಮಗಳಿಗೂ ಹೇಳಲ್ಲ ಅಂದಿದ್ದೆ."

ಮುದುಕರು ಕುಂಚ ಒರೆಸುತ್ತ ನನ್ನನ್ನೇ ನೋಡುತ್ತಿದ್ದರು. "ನೀವು ಇವರಿಗೆ ಹೇಳಲಿಲ್ಲ. ಆಮೇಲೆ ಗೊತ್ತಾಯಿತು. ಲೈಬ್ರರಿಯಲ್ಲಿ ನಿಮ್ಮ ಬಗ್ಗೆ ತಪ್ಪು ತಿಳಿದೆ" ಎಂದರು.

"ಹಾಗಾದರೆ ಅಮ್ಮನಿಗೆ ಹೇಗೆ ಗೊತ್ತಾಯಿತು?"

ಅಮ್ಮನೇ ಉತ್ತರ ಕೊಟ್ಟಳು. "ನಮ್ಮ ಅಂಗಡಿಗೆ ಅಂಥ ಗಂಡಸರು ಎಷ್ಟು ಜನ ಬರ್ತಿದ್ರು ಗೊತ್ತಾ? ಹೆಂಡ್ತಿ ಸೀರೆ ತಂದು, ಕೆಂಪು ಸೀರೆಗೆ ಹಸಿರು ಪೀಸ್ ಹಿಡ್ಕೊಂಡು ಕರೆಕ್ಟಾಗಿದೆ ಅನ್ನೋರು. ಲೈಬ್ರರಿಗೆ ಹೋದ ಮಾರನೇ ದಿನ ಇವರ ಮನೆ ಮುಂದೆ ಹೋಗ್ತಿದ್ದೆ. ಗ್ಯಾರೇಜಲ್ಲಿ ಇವರು ಕಂಡ್ರು, ಸಾರಿ ಹೇಳೋಣ ಅಂತ ನಿಂತೆ. ಲೈಬ್ರರಿಯಿಂದ ಅದೇ ಚಿತ್ರಾನ ವಾಪಸ್ ತಂದು ಕೂತು ಕೆರೀತಿದ್ರು."

ಅವರು ಒಳಗಿನಿಂದ ಇನ್ನೊಂದು ಕುರ್ಚಿ ತಂದು ಹಾಕಿದರು. ಅವತ್ತು ಮಧ್ಯಾಹ್ನ ಅವರ ಕತೆ ಕೇಳಿದೆ.

ಫ್ರಾನ್ಸಿನ ಪಡುವಣ ಕರಾವಳಿಯ ಒಂದು ಮೀನುಗಾರರ ಊರು ಅವರದು. ಅಪ್ಪ, ಅಣ್ಣಂದಿರು, ಚಿಕ್ಕಪ್ಪಂದಿರು ಎಲ್ಲ ಹಡಗಿನವರು. ಇವರೂ ಹದಿನೇಳಕ್ಕೆ ಹಡಗಿಗೆ ಸೇರಲು ಹೋದರು. ಕತ್ತಲೆಯ ಕೋಣೆಯಲ್ಲಿ ಕೂರಿಸಿ ಸಣ್ಣ ದೀಪ ತೋರಿಸಿ ಕೆಂಪೋ ಹಸಿರೋ ಎಂದು ಕೇಳಿದರಂತೆ. ಒಂದೂ ಸರಿಯಾಗಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹಣ್ಣಂಗಡಿಯವಳು ಕಾಯಿ ಟೊಮೇಟೊ ಕೈಗೆ ಕೊಟ್ಟು ನಗುತ್ತಿದ್ದಳಂತೆ. ಎರಡು ವರ್ಷ ಸಹಿಸಿ, ಕೆನಡಾಕ್ಕೆ ಹೊರಟುಬಂದರು. ಟೊರೊಂಟೊ ಸುತ್ತಲಿನ ಮನೆಗಳಿಗೆ ಪ್ಲಾಸ್ಟರ್ ಹಾಕುವ ಕೆಲಸ. ಗೋಡೆಗೆ ಬಣ್ಣ ಬಳಿಯುವುದು ಬೇರೆಯವರ ಪಾಲಿನದು, ಅದಕ್ಕೇ ಈ ಕೆಲಸ ಹಿಡಿದರಂತೆ. ಮದುವೆಯಾದ ಹೆಂಡತಿಗೂ ಹೇಳಲಿಲ್ಲ.

ನಲವತ್ತರ ಹೊತ್ತಿಗೆ ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದು ಒಂದು ಚಳಿಗಾಲ ಮಲಗಿದರು. ಹೊತ್ತು ಹೋಗಲೆಂದು ಹೆಂಡತಿ ಬಣ್ಣದ ಡಬ್ಬಿ ತಂದುಕೊಟ್ಟಳು. ಕಿಟಕಿಯಿಂದ ಕಾಣುತ್ತಿದ್ದ ಬಾರ್ನನ್ನು ಬರೆದು ತೋರಿಸಿದರು. ಗೋಡೆಯೆಲ್ಲ ಹಸಿರು!

"ನಗುತ್ತಾಳೆ ಎಂದುಕೊಂಡೆ" ಎಂದರು ಅವರು. "ನಗಲಿಲ್ಲ. ನನ್ನನ್ನೇ ನೋಡಿದಳು. ಆಮೇಲೆ ಅಡಿಗೆಮನೆಗೆ ಹೋಗಿ ಏನೋ ತಂದು ಕಾಗದದ ಪಕ್ಕದಲ್ಲಿಟ್ಟು, ಈ ಬಣ್ಣ ಬರುವವರೆಗೆ ಕಲಸು, ಬಂದಾಗ ಹೇಳುತ್ತೇನೆ ಎಂದಳು."

ಅಲ್ಲಿಂದ ಮೂವತ್ತು ವರ್ಷಕ್ಕೂ ಮೇಲೆ ಅವಳು ಅವರ ಪಕ್ಕ ನಿಂತಳು. ಗೆರೆ, ನೆರಳು, ಎಲ್ಲಿ ನಿಲ್ಲಿಸಬೇಕು, ಏನು ಬಿಡಬೇಕು ಎಂಬುದನ್ನೆಲ್ಲ ಅವರು ತಾವೇ ಕಲಿತರು. ಬಣ್ಣಕ್ಕೆ ಮಾತ್ರ ಅವಳ ಕಣ್ಣು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ಗೋಡೆಯ ಚಿತ್ರಗಳು ಆಮೇಲಿನವು.

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಹಾಗಾದರೆ ಆ ಚಿತ್ರಗಳು ನಿಮ್ಮವೋ, ಅವರವೋ?" ಎಂದು ಕೇಳಿದೆ.

ಅವರು ಕುಂಚವನ್ನು ಮತ್ತೊಮ್ಮೆ ಒರೆಸಿದರು. "ಅವಳೂ ಒಂದು ಸಲ ಕೇಳಿದ್ದಳು."

"ಏನು ಹೇಳಿದಿರಿ?"

"ಕೇಳಿಸದವನ ಹಾಗೆ ಬಣ್ಣ ಕಲಸುತ್ತಿದ್ದೆ. ಆಮೇಲೆ ಅವಳು ಕೇಳಲಿಲ್ಲ."

ಅವರ ಮೇಲೆ ಕನಿಕರ ಬಂದಿತ್ತು, ನಿಜ. ಆದರೆ ಮೂವತ್ತು ವರ್ಷ ಒಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೆಳಗೆ ತನ್ನೊಬ್ಬನ ಹೆಸರು ಹಾಕಿಕೊಂಡವರು, ಈಗ ನನ್ನ ಅಮ್ಮನನ್ನೂ ಹಾಗೇ ನಿಲ್ಲಿಸಿಕೊಂಡಿದ್ದಾರಲ್ಲ ಎಂಬ ಮುಳ್ಳು ಹಾಗೇ ಉಳಿಯಿತು. ಅಮ್ಮನಿಗೆ ಆ ಮುಳ್ಳು ಇರಲಿಲ್ಲ. ಆ ಚಳಿಗಾಲವೆಲ್ಲ ಹೋದಳು. ಗ್ಯಾರೇಜಿನಲ್ಲಿ ಹೀಟರ್ ಇಟ್ಟುಕೊಂಡು, ಹಗಲಿನ ಬೆಳಕಿಗಾಗಿ ಬಾಗಿಲನ್ನು ಮೊಣಕಾಲುದ್ದ ಎತ್ತಿ, ಇಬ್ಬರೂ ಹನ್ನೊಂದು ಚಿತ್ರ ಮುಗಿಸಿದರು. ಮೇ ತಿಂಗಳಲ್ಲಿ ಅವಳನ್ನು ವಿಮಾನ ಹತ್ತಿಸಲು ಹೊರಟಾಗ ಮುದುಕರು ಮನೆ ಮುಂದೆ ನಿಂತಿದ್ದರು. ಅಮ್ಮ ಕೈಮುಗಿದಳು. ಅವರು ಟೋಪಿ ತೆಗೆದರು.

ನವೆಂಬರಿನಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ. ನನಗೆ ಗೊತ್ತಾದದ್ದು ಅವರ ಮನೆ ಮುಂದೆ ಎರಡು ಕಾರು ನಿಂತದ್ದನ್ನು ನೋಡಿ.

ಅದಾಗಿ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಬೆಲ್ ಆಯಿತು. ಐವತ್ತರ ಆಸುಪಾಸಿನ ಗಂಡಸು, ಮುದುಕರದೇ ಎತ್ತರ. ಅವರ ಮಗ, ಒಟ್ಟಾವಾದಲ್ಲಿರುವವನು. ಜೊತೆಗೆ ಒಬ್ಬ ಹೆಂಗಸು. ಹತ್ತಿರದ ಊರಿನ ಒಂದು ಗ್ಯಾಲರಿಯಿಂದ ಬಂದವಳಂತೆ. ಮುದುಕರ ಚಿತ್ರಗಳನ್ನೆಲ್ಲ ಒಟ್ಟಿಗೆ ತೋರಿಸುವ ಯೋಚನೆಯಿದೆ ಎಂದಳು.

ಮಗ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಕ್ಯಾನ್‌ವಾಸಿನ ಹಿಂಭಾಗ. ಅದರ ಮೇಲೆ ಪೆನ್ಸಿಲಿನಲ್ಲಿ ಅಮ್ಮನ ದುಂಡು ಅಕ್ಷರ.

"ಇದು ನಿಮ್ಮ ಭಾಷೆಯೇ?"

"ಹೌದು, ಕನ್ನಡ."

"ಹನ್ನೊಂದು ಚಿತ್ರಗಳ ಹಿಂದೆ ಇದೆ. ಪಕ್ಕದ ಮನೆಯವರು ಹೇಳಿದರು, ನಿಮ್ಮ ತಾಯಿ ದಿನಾ ಬರುತ್ತಿದ್ದರಂತೆ." ಅವನು ಗ್ಯಾಲರಿಯವಳ ಕಡೆ ಒಮ್ಮೆ ನೋಡಿದ. "ಈ ಹನ್ನೊಂದೂ ನಮ್ಮಮ್ಮ ತೀರಿಕೊಂಡ ಮೇಲೆ ಬರೆದ ಬೇರೆಯವುಗಳ ಥರ ಇಲ್ಲ. ಇವನ್ನು ಬರೆದದ್ದು ನಮ್ಮಪ್ಪನೇ? ಅವರ ಮನೆಯಿಂದ ನಿಮ್ಮ ತಾಯಿ ಏನಾದರೂ ತೆಗೆದುಕೊಂಡು ಹೋದರೇ?"

ಕೊನೆಯ ಪ್ರಶ್ನೆಗೆ ನನ್ನ ರಕ್ತ ಕುದಿಯಿತು. ನಾನು ಆ ಮುದುಕರ ಬಗ್ಗೆ ಅಂದುಕೊಂಡದ್ದನ್ನೇ ಇವನು ಈಗ ನನ್ನ ಅಮ್ಮನ ಬಗ್ಗೆ ಅಂದುಕೊಳ್ಳುತ್ತಿದ್ದ. ಅದು ಆಗ ಹೊಳೆಯಲಿಲ್ಲ.

ಫೋಟೋದಲ್ಲಿ ಬರೆದಿದ್ದುದು ಇಷ್ಟು: 'ಕೊಟ್ಟಿಗೆ ಬಾಗಿಲು, ಬ್ಯಾಡಗಿ, ಗುಂಟೂರು ಅಲ್ಲ. ಸೂರಿನ ಕೆಳಗೆ, ಹಳೇ ಹುಣಸೆಹಣ್ಣು. ಹುಲ್ಲು, ಕರಿಬೇವಿನ ಎಲೆ ಹಿಂಭಾಗ.'

"ದಿನಸಿ ಪಟ್ಟಿ" ಎಂದೆ. "ಅಮ್ಮನಿಗೆ ಮರೆವು. ಕೈಗೆ ಸಿಕ್ಕಿದ್ದರ ಮೇಲೆ ಬರೆಯುತ್ತಾಳೆ. ಅವರಿಬ್ಬರೂ ಕಾಫಿ ಕುಡಿಯುತ್ತಿದ್ದರು, ಅಷ್ಟೆ."

ಗ್ಯಾಲರಿಯವಳು ನನ್ನ ಮುಖವನ್ನೇ ನೋಡಿದಳು. ನಾನು ಕ್ಲಿನಿಕ್ಕಿನಲ್ಲಿ ಜನರನ್ನು ನೋಡುವುದೂ ಹಾಗೇ. ಮಗ ಆ ಫೋಟೋವನ್ನು ಫೋನಿನ ಅನುವಾದಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಅದು 'ಮೆಣಸಿನಕಾಯಿ', 'ಹುಣಸೆ', 'ಎಲೆ' ಎಂದು ತೋರಿಸಿತು. ನನ್ನ ಸುಳ್ಳಿಗೆ ಯಂತ್ರವೇ ಸಾಕ್ಷಿ ನುಡಿಯಿತು. ಅವರು ಹೊರಟುಹೋದರು.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೊಗಳುತ್ತಾಳೆಂದುಕೊಂಡಿದ್ದೆ.

"ದಿನಸಿ ಪಟ್ಟಿ ಅಂದ್ಯಾ?" ಎಂದಳು. "ಯಾಕೆ ಹಂಗಂದೆ?"

"ನಿನ್ನನ್ನ ಕಳ್ಳಿ ಅನ್ನೋ ಥರ ಮಾತಾಡಿದ. ಅಲ್ದೆ ಅದು ಆ ಯಜಮಾನರ ಗುಟ್ಟಲ್ವಾ? ನೀನೇ ಮಾತು ಕೊಟ್ಟಿದ್ದೆ."

"ಅವರಿದ್ದಾಗಿನ ಮಾತು ಅದು. ಈಗ ಮಗನೇ ಅಪ್ಪನ ಕೆಲಸಾನ ಅಪ್ಪಂದಲ್ಲ ಅಂತಿದಾನಲ್ಲ, ಅದು ಸರೀನಾ? ಹೋಗಿ ನಿಜ ಹೇಳು. ನಾನು ಏನು ಮಾಡ್ದೆ ಅನ್ನೋದನ್ನ ಹೇಳೋಕೆ ನನಗೆ ಯಾರ ಪರ್ಮಿಷನ್ನೂ ಬೇಡ."

ಹೋದೆ. ಮಗ ಒಬ್ಬನೇ ಇದ್ದ. ಗ್ಯಾರೇಜಿನಲ್ಲಿ ಚಿತ್ರಗಳನ್ನು ಗೋಡೆಗೆ ಒರಗಿಸಿ ಲೆಕ್ಕ ಹಾಕುತ್ತಿದ್ದ. ಅಮ್ಮ ಬಣ್ಣ ಹೇಳುತ್ತಿದ್ದಳು, ನಿಮ್ಮಪ್ಪ ಕಲಸಿ ಬಳಿಯುತ್ತಿದ್ದರು, ಅವರಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲವೆಂದು ಅವರೇ ನಮಗೆ ಹೇಳಿದ್ದರು ಎಂದೆ. ಕ್ಲಿನಿಕ್ಕಿನ ಪುಸ್ತಕದ ವಿಷಯ ಎತ್ತಲಿಲ್ಲ. ಆಮೇಲೆ ಹಿಂದಿನ ಬರಹವನ್ನು ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ನಾಳೆ ಅದೇ ಬಣ್ಣ ಮತ್ತೆ ಕಲಸಬೇಕಾಗುತ್ತದಲ್ಲ, ಅದಕ್ಕೆ ಬರೆದಿಟ್ಟದ್ದು ಎಂದೆ.

ಅವನು ನಂಬಲಿಲ್ಲ. "ನಿನ್ನೆ ಒಂದು ಹೇಳಿದಿರಿ, ಇವತ್ತು ಒಂದು" ಎಂದ. ತಪ್ಪೇನಿರಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ನಾನು ಎದ್ದು ಹೊರಟೆ. ಅಷ್ಟರಲ್ಲಿ ಅವನು ಹಳೆಯ ಬಾರ್ನಿನ ಚಿತ್ರವೊಂದನ್ನು ತಿರುಗಿಸಿದ. ಅದರ ಹಿಂದೆಯೂ ಪೆನ್ಸಿಲಿನ ಬರಹವಿತ್ತು, ಫ್ರೆಂಚಿನಲ್ಲಿ. ಇನ್ನೊಂದನ್ನು ತಿರುಗಿಸಿದ. ಮತ್ತೊಂದು.

"ಇದು ನಮ್ಮಮ್ಮನ ಅಕ್ಷರ" ಎಂದ. "ಬೇಯಿಸಿದ ಸೀಗಡಿ. ನೆನೆದ ಹೆಂಚು. ಹಾಲಿನ ಪಾತ್ರೆಯ ತಳ. ಅಮ್ಮ ಚಿತ್ರಗಳಿಗೆ ಹೆಸರಿಡುತ್ತಿದ್ದಳು ಎಂದುಕೊಂಡಿದ್ದೆವು. ಲೈಬ್ರರಿಯವರಿಗೂ ಹಾಗೇ ಹೇಳಿ ಬರೆಸಿದ್ದು ನಾನೇ."

ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟ. ಅಪ್ಪನ ಬಟ್ಟೆಗಳನ್ನು ಅಮ್ಮನೇ ಜೋಡಿಸಿಡುತ್ತಿದ್ದುದು, ಹಣ್ಣು ತರಲು ಅಪ್ಪ ಒಬ್ಬರೇ ಹೋಗದಿದ್ದುದು, ಎಲ್ಲವನ್ನೂ ಒಂದೊಂದಾಗಿ ನೆನಪಿಸಿಕೊಂಡು ಹೇಳಿದ. "ನನಗೆ ಯಾಕೆ ಹೇಳಲಿಲ್ಲ?" ಎಂದು ನನ್ನನ್ನು ಕೇಳಿದ.

ಇಷ್ಟಾದ ಮೇಲೂ ನನ್ನ ಅನುಮಾನ ತಣ್ಣಗಾಗಲಿಲ್ಲ. ಎರಡು ತಿಂಗಳ ಮೇಲೆ ಗ್ಯಾಲರಿಯಿಂದ ಅಮ್ಮನ ಹೆಸರಿಗೆ ನಮ್ಮ ಮನೆಗೊಂದು ಕಾಗದ ಬಂತು. ಚಿತ್ರಗಳೆಲ್ಲ ಆ ಹಿರಿಯರೊಬ್ಬರದೇ ಕೃತಿಗಳೆಂದೂ ಅಮ್ಮನದು ಅದರಲ್ಲಿ ಯಾವ ಪಾಲೂ ಇಲ್ಲವೆಂದೂ ಒಪ್ಪಿ ಸಹಿ ಹಾಕಬೇಕಂತೆ. ನಾನು ಅಂದುಕೊಂಡದ್ದೇ ಆಯಿತು, ಯಾರ ನೆರವೂ ಇಲ್ಲದ ಚಿತ್ರಕಾರ ಎಂಬ ಹೆಸರಿಗೆ ಕುಂದು ಬರಬಾರದೆಂದು ಇದನ್ನೆಲ್ಲ ಒರೆಸಿಹಾಕುತ್ತಿದ್ದಾರೆ ಎಂದು ಅಮ್ಮನ ಹತ್ತಿರ ಕೂಗಾಡಿದೆ. ಸಹಿ ಹಾಕಬೇಡ ಎಂದೆ.

ಅಮ್ಮ ಫೋನಿನಲ್ಲಿ ನಕ್ಕಳು. "ಬ್ಲೌಸ್ ಪೀಸ್ ಹುಡುಕಿಕೊಟ್ಟೆ ಅಂತ ಸೀರೆ ನನ್ನದಾಗತ್ತೇನೇ? ಹಾಕ್ತೀನಿ ಸೈನು." ನಗು ನಿಲ್ಲಿಸಿ, "ಆದ್ರೆ ಆ ಹೆಂಗಸು ಮೂವತ್ತು ವರ್ಷ ನಿಂತಿದ್ಲಲ್ಲ, ಅವಳಿಗೆ ಸೈನ್ ಹಾಕೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ. ಅವಳ ವಿಷ್ಯ ಗೋಡೆ ಮೇಲೆ ಬರೀಲಿ. ಬರೆದ ಮೇಲೆ ನಾನು ಸೈನ್ ಹಾಕ್ತೀನಿ, ಹಂಗಂತ ಹೇಳು" ಎಂದಳು.

ಹೇಳಿದೆ. ಗ್ಯಾಲರಿಯವಳು ನೋಡೋಣ ಎಂದಳು. ನೋಡೋಣ ಎಂದವರು ನೋಡುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಈ ಸಲ ಮಗ ಹಠ ಹಿಡಿದನಂತೆ. ಬರಹ ಹಾಕದಿದ್ದರೆ ಚಿತ್ರ ಕೊಡುವುದಿಲ್ಲ ಎಂದನಂತೆ.

ವಸಂತದಲ್ಲಿ ಪ್ರದರ್ಶನ ತೆರೆಯಿತು. ನಾನು ಮೊದಲ ದಿನವೇ ಹೋದೆ, ಬರೆದಿದ್ದಾರೋ ಇಲ್ಲವೋ ಎಂದು ನೋಡಲು. ಬಾಗಿಲ ಪಕ್ಕದ ಗೋಡೆಯಲ್ಲೇ ಇತ್ತು. ಅವರ ಹುಟ್ಟೂರು, ಹಡಗಿನ ಪರೀಕ್ಷೆ, ಮುರಿದ ಕಾಲು, ಎಲ್ಲ. ಹೆಂಡತಿಯ ಹೆಸರು ಅವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿತ್ತು. ಕೊನೆಯಲ್ಲಿ, ಹೆಂಡತಿಯ ನಂತರ ಒಬ್ಬ ನೆರೆಮನೆಯ ಸ್ನೇಹಿತೆ ಆ ಕೆಲಸ ಮಾಡಿದರು ಎಂದಿತ್ತು. ಕೆಲವು ಚಿತ್ರಗಳನ್ನು ಗೋಡೆಗೆ ಹಾಕದೆ, ಎರಡೂ ಬದಿ ಕಾಣುವಂತೆ ತಂತಿಯಿಂದ ಇಳಿಬಿಟ್ಟಿದ್ದರು. ಜನ ಮುಂದೆ ನೋಡಿ, ಸುತ್ತಿ ಹೋಗಿ ಹಿಂದೆ ನೋಡುತ್ತಿದ್ದರು. ಒಬ್ಬ ಮುದುಕಿ ಕನ್ನಡದ ಅಕ್ಷರಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸುತ್ತಿದ್ದಳು.

ಮಗ ನನ್ನನ್ನು ಕಂಡು ಬಂದ. ಕೈಯಲ್ಲಿ ಕಾಗದ ಸುತ್ತಿದ ಒಂದು ಸಣ್ಣ ಚಿತ್ರ. "ಹನ್ನೊಂದರಲ್ಲಿ ಇದು ನಿಮ್ಮ ತಾಯಿಗೆ" ಎಂದ. ಇದಕ್ಕೆ ಪ್ರತಿಯಾಗಿ ಮತ್ತೇನು ಬರೆಸಿಕೊಳ್ಳುತ್ತಾನೋ ಎಂದು ನಾನು ಅವನ ಇನ್ನೊಂದು ಕೈ ನೋಡಿದೆ. ಅದು ಬರಿದಾಗಿತ್ತು.

"ಅವರಿಗೆ ಧನ್ಯವಾದ ಹೇಳಬೇಕು. ಈಗ ಫೋನ್ ಮಾಡಬಹುದೇ?" ಎಂದು ಕೇಳಿದ.

ಮಾಡಿದೆ. ಇಬ್ಬರೂ ಅಂಗಳದ ಬೆಂಚಿನ ಮೇಲೆ ಕೂತೆವು. ಅಮ್ಮ ತೆರೆಯ ಮೇಲೆ ಬಂದಳು, ಅವನು ಮಾತು ಹುಡುಕಿದ, ಅವಳೂ ಹುಡುಕಿದಳು. ಕೊನೆಗೆ ಅಮ್ಮ ಕೇಳಿದಳು: "ಊಟ ಆಯ್ತಾ ಕೇಳು ಅವನ್ನ. ಮುಖ ಬಾಡಿದೆ."

ಅವನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಬೆಳಗಿನಿಂದ ಏನೂ ತಿಂದಿಲ್ಲ ಎಂದ.